ಜಮೀನು ಸಿಕ್ಕವರು, ಪೌರತ್ವ ಸಿಕ್ಕವರು

ಮೈಸೂರು, ಹುಣಸೂರು ದಾಟಿ ಪಶ್ಚಿಮಕ್ಕೆ ಸಾಗುವ 275ನೇ ರಾಷ್ಟ್ರೀಯ ಹೆದ್ದಾರಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನು ಹಾದು, ಕುಶಾಲನಗರ, ಮಡಿಕೇರಿಗಳ ಮೂಲಕ ಸಂಪಾಜೆ ಘಾಟಿ ಇಳಿದು ಸುಳ್ಯ ಸೇರುತ್ತದೆ. ಬೈಲಕುಪ್ಪೆಯಲ್ಲಿ ಟಿಬೆಟಿನವರಿದ್ದಾರೆ. ಅದು ಎಲ್ಲರಿಗೂ ಗೊತ್ತು. ಶಾಲಾ ಪ್ರವಾಸದ ಬಸ್ಸುಗಳು ಅಲ್ಲಿನ ಚಿನ್ನದ ದೇವಾಲಯದ ಮುಂದೆ ಸಾಲಾಗಿ ನಿಲ್ಲುತ್ತವೆ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳ ಒಳಗೆ ಸಿಲೋನಿನಿಂದ, ಅಂದರೆ ಇಂದಿನ ಶ್ರೀಲಂಕಾದಿಂದ, ಬಂದ ತಮಿಳರಿದ್ದಾರೆ. ಇದು ದಕ್ಷಿಣ ಕನ್ನಡದ ಆಚೆ ಹೆಚ್ಚು ಜನಕ್ಕೆ ತಿಳಿದಿಲ್ಲ. ವಲಸೆಯನ್ನು ಕುರಿತ ಈ ಸಂಚಿಕೆಯನ್ನು ಸಿದ್ಧಪಡಿಸುತ್ತ ನಾವು ಅಮೆರಿಕದ ಕನ್ನಡಿಗರ ಬಗ್ಗೆ, ಕೊಲ್ಲಿ ದೇಶಗಳಿಗೆ ಹೋದ ಕರಾವಳಿಯವರ ಬಗ್ಗೆ ಬೇಕಾದಷ್ಟು ಮಾತಾಡಿದೆವು. ನಮ್ಮಲ್ಲಿಗೇ ಬಂದು ನೆಲೆಸಿದವರ ವಿಚಾರ ಬಂದಾಗ ನನ್ನ ಮನಸ್ಸು ಮತ್ತೆ ಮತ್ತೆ ಹೋದದ್ದು ಈ ಒಂದೇ ರಸ್ತೆಯ ಮೇಲಿನ ಎರಡು ನೆಲೆಗಳ ಕಡೆಗೆ.

ಎರಡೂ ಸಮುದಾಯಗಳು ನಮ್ಮ ನಾಡಿಗೆ ಬಂದು ಸೇರಿದ ಕಾಲದಲ್ಲಿ ಹೆಚ್ಚು ಅಂತರವಿಲ್ಲ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಹಿಮಾಲಯ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಮೊದಲಿಗೆ ಉತ್ತರದ ಬೆಟ್ಟಗಳಲ್ಲಿ ರಸ್ತೆ ಕಡಿಯುವ ಕೆಲಸಕ್ಕೆ ಅವರನ್ನು ಹಚ್ಚಲಾಯಿತು. ಶಾಶ್ವತವಾಗಿ ಎಲ್ಲಾದರೂ ನೆಲೆ ಒದಗಿಸಬೇಕೆಂದು ನೆಹರೂ ರಾಜ್ಯಗಳನ್ನು ಕೇಳಿಕೊಂಡಾಗ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಅರಣ್ಯಭೂಮಿ ಕೊಟ್ಟಿತು. 1960ರ ಕೊನೆಯಿಂದ ತಂಡತಂಡವಾಗಿ ಜನ ಬಂದಿಳಿದರು. ಚಳಿಯ ನಾಡಿನವರಿಗೆ ಇಲ್ಲಿನ ಸೆಖೆ, ದಟ್ಟ ಕಾಡು, ಆನೆಗಳ ಕಾಟ, ಕ್ಷಯ. ಬಿದಿರಿನ ಗುಡಿಸಲು, ಡೇರೆಗಳಲ್ಲಿ ಕಳೆದ ಆ ಮೊದಲ ವರ್ಷಗಳಲ್ಲಿ ಬಹಳ ಜನ ಸತ್ತರು. ಇವತ್ತಿನ ಚಿನ್ನದ ಬಣ್ಣದ ಬುದ್ಧಮೂರ್ತಿಗಳ ಮುಂದೆ ಫೋಟೊ ತೆಗೆಸಿಕೊಳ್ಳುವ ನಮಗೆ ಆ ಸಾವುಗಳ ಅರಿವಿರಬೇಕು. ಮುಂದೆ 1966ರಲ್ಲಿ ಮುಂಡಗೋಡಿನಲ್ಲಿ ಇನ್ನೊಂದು ದೊಡ್ಡ ನೆಲೆ, ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ. ಇಂದು ಹಳ್ಳಿಗಾಡಿನ ಅಭಿವೃದ್ಧಿಯಲ್ಲಿ ಹೆಸರಾಗಿರುವ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ಟಿಬೆಟನ್ನರ ಪುನರ್ವಸತಿಗಾಗಿ.

ಸಿಲೋನ್ ತಮಿಳರ ಕಥೆ ಬೇರೆ. ಜಾಫ್ನಾದ ತಮಿಳರೊಂದಿಗೆ, 1983ರ ಗಲಭೆಯ ನಂತರ ದೋಣಿ ಹತ್ತಿ ಬಂದ ನಿರಾಶ್ರಿತರೊಂದಿಗೆ ಇವರನ್ನು ಗಂಟು ಹಾಕುವ ತಪ್ಪು ಪತ್ರಿಕೆಗಳಲ್ಲೂ ಆಗುತ್ತಿರುತ್ತದೆ. ಇವರು ಮಲೆಸೀಮೆಯ ತಮಿಳರು. ಬ್ರಿಟಿಷರ ಕಾಲದಲ್ಲಿ ತಿರುಚ್ಚಿ, ಸೇಲಂ, ಪುದುಕೋಟೆ, ರಾಮನಾಥಪುರಗಳ ಬರಗಾಲದ ಹಳ್ಳಿಗಳಿಂದ ಮೊದಲು ಕಾಫಿ ತೋಟಗಳಿಗೆ, ಆಮೇಲೆ ಚಹಾ ತೋಟಗಳಿಗೆ ಕೂಲಿಗಳಾಗಿ ಹೋದವರ ಮೊಮ್ಮಕ್ಕಳು, ಮರಿಮಕ್ಕಳು. ಸಿಲೋನಿಗೆ ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲಿ, ಅಲ್ಲಿನ ಪೌರತ್ವ ಕಾಯ್ದೆ ಇವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್‌ನಲ್ಲಿ ಎರಡೂ ದೇಶಗಳ ಪ್ರಧಾನಿಗಳಾದ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಕೂತು ಲೆಕ್ಕ ಮುಗಿಸಿದರು: 9,75,000 ಜನರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ ಒಂದೂವರೆ ಲಕ್ಷ ಆಮೇಲೆ ನೋಡೋಣ. ಹತ್ತು ವರ್ಷದ ನಂತರ ಇಂದಿರಾ ಗಾಂಧಿಯವರ ಕಾಲದಲ್ಲಿ ಆ ಒಂದೂವರೆ ಲಕ್ಷವನ್ನೂ ಸಮಪಾಲು ಮಾಡಿಕೊಂಡರು. ಯಾರ ಬದುಕಿನ ಬಗ್ಗೆ ಈ ಒಪ್ಪಂದವೋ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ತೋಟ ಕಾರ್ಮಿಕರ ನಾಯಕ ಸೌಮ್ಯಮೂರ್ತಿ ತೊಂಡಮಾನ್ ಪ್ರತಿಭಟಿಸಿದರೂ ಪ್ರಯೋಜನವಾಗಲಿಲ್ಲ. ಬೆಟ್ಟದ ಊರುಗಳಿಂದ ಈ ಜನರನ್ನು ಹೊತ್ತು ತಲೈಮನ್ನಾರಿನ ಕಡೆಗೆ ಹೊರಡುತ್ತಿದ್ದ ರೈಲನ್ನು ಅಲ್ಲಿ ‘ಅಳುವ ರೈಲು’ ಎಂದೇ ಕರೆಯುತ್ತಿದ್ದರು. ಅಲ್ಲಿಂದ ಹಡಗಿನಲ್ಲಿ ರಾಮೇಶ್ವರ, ಆಮೇಲೆ ಮಂಡಪಂ ಶಿಬಿರ. ಸಿಲೋನಿಗೆ ಹೊರಟ ಕೂಲಿಗಳನ್ನು ರೋಗದ ಭಯಕ್ಕೆ ತಡೆದು ಇಡುತ್ತಿದ್ದದ್ದು ಅದೇ ಮಂಡಪಂನಲ್ಲಿ. ಅಜ್ಜ ಹೋಗುವಾಗ ಕಾದಿದ್ದ ಜಾಗದಲ್ಲೇ ಮೊಮ್ಮಗ ಬರುವಾಗಲೂ ಕಾದ.

ಕಾದವರಿಗೆ ಏನು ಸಿಕ್ಕಿತು? ಸರ್ಕಾರ ಅವರನ್ನು ಕೈಗೆ ಕೆಲಸ ಬೇಕಾದ ಕುಟುಂಬಗಳೆಂದು ಕಂಡಿತು, ಹಾಗೇ ಹಂಚಿತು. ಕೆಲವರಿಗೆ ಸಣ್ಣ ವ್ಯಾಪಾರಕ್ಕೆ ಸಾಲ, ಕೆಲವರಿಗೆ ನೀಲಗಿರಿಯ ಸರ್ಕಾರಿ ಚಹಾ ತೋಟ, ಕೆಲವರಿಗೆ ಕೇರಳದ ಪುನಲೂರಿನ ರಬ್ಬರ್, ಕೆಲವರಿಗೆ ಆಂಧ್ರದ ನೂಲಿನ ಗಿರಣಿ. ಕರ್ನಾಟಕದ ಪಾಲಿಗೆ ಬಂದವರು ಸುಳ್ಯ, ಪುತ್ತೂರು ತಾಲ್ಲೂಕುಗಳ ರಬ್ಬರ್ ತೋಟಗಳಿಗೆ ಬಂದರು. ಮೊದಲು ಅರಣ್ಯ ಇಲಾಖೆಯ ಕೈಯಲ್ಲಿದ್ದ ಆ ತೋಟಗಳನ್ನು ಮುಂದೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ನೋಡಿಕೊಂಡಿತು. ಐವರ್ನಾಡು, ಮೇದಿನಡ್ಕದಂಥ ಹಸಿರು ಗುಡ್ಡಗಳ ನಡುವೆ ಸಾಲುಮನೆಗಳೆದ್ದವು. ಸಿಲೋನಿನ ನುವಾರಾ ಎಲಿಯಾದ ‘ಲೈನು’ ಬಿಟ್ಟು ಬಂದವರು ಇಲ್ಲಿ ಇನ್ನೊಂದು ಲೈನು ಸೇರಿದರು.

ನಾನು ಹೇಳಬೇಕೆಂದಿರುವುದು ಇಲ್ಲಿದೆ. ಟಿಬೆಟಿನವರನ್ನು ನಾವು ಒಂದು ಸಮುದಾಯವಾಗಿ ಬರಮಾಡಿಕೊಂಡೆವು. ಸಿಲೋನಿನವರನ್ನು ಕೂಲಿಯಾಳುಗಳಾಗಿ ಬರಮಾಡಿಕೊಂಡೆವು. ಟಿಬೆಟಿನವರಿಗೆ ಜಮೀನು ಕೊಟ್ಟೆವು, ಪೌರತ್ವ ಕೊಡಲಿಲ್ಲ. ಸಿಲೋನಿನವರಿಗೆ ಪೌರತ್ವ ಕೊಟ್ಟೆವು, ಒಂದು ಸೆಂಟ್ ಜಾಗವನ್ನೂ ಕೊಡಲಿಲ್ಲ. ಅರವತ್ತು ವರ್ಷಗಳ ನಂತರ ಎರಡೂ ಕಡೆ ಕಾಣುವ ವ್ಯತ್ಯಾಸದಲ್ಲಿ ಬಹುಪಾಲು ಈ ಮೊದಲ ದಿನದ ತೀರ್ಮಾನದಿಂದಲೇ ಹುಟ್ಟಿದ್ದು. ಟಿಬೆಟಿನವರು ಶ್ರಮಜೀವಿಗಳು, ಅದಕ್ಕೇ ಮುಂದೆ ಬಂದರು ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಶ್ರಮದ ಮಾತು ಎತ್ತುವವರು ರಬ್ಬರ್ ತೋಟದ ಒಂದು ಬೆಳಗನ್ನು ನೋಡಬೇಕು.

ಹಾಲು ಚೆನ್ನಾಗಿ ಇಳಿಯುವುದು ಬಿಸಿಲೇರುವ ಮೊದಲು. ಆದ್ದರಿಂದ ಕತ್ತಲಿರುವಾಗಲೇ ಹಣೆಗೆ ದೀಪ ಕಟ್ಟಿಕೊಂಡು ಗುಡ್ಡ ಹತ್ತಬೇಕು. ಒಬ್ಬರ ಪಾಲಿಗೆ ಮುನ್ನೂರು, ನಾನ್ನೂರು ಮರ. ಬಾಗಿದ ಮೊನೆಯ ಚೂರಿಯಿಂದ ಹಿಂದಿನ ಗೆರೆಯ ಕೆಳಗೇ ತೊಗಟೆಯ ತೆಳು ಪದರವೊಂದನ್ನು ಓರೆಯಾಗಿ ಎಬ್ಬಿಸಬೇಕು. ಮೇಲುಮೇಲೆ ಕೊಯ್ದರೆ ಹಾಲಿಲ್ಲ. ಚೂರಿ ಒಂದಿಷ್ಟು ಆಳಕ್ಕೆ ಹೋದರೆ ಮರಕ್ಕೆ ಗಾಯ, ಆ ಗಾಯ ಗಂಟುಕಟ್ಟಿ ಮುಂದೆ ಆ ಜಾಗದಲ್ಲಿ ಕೊಯ್ಯುವಂತಿಲ್ಲ. ಒಂದು ಮರಕ್ಕೆ ಅರ್ಧ ನಿಮಿಷ ಸಿಕ್ಕರೆ ಹೆಚ್ಚು. ಎಲ್ಲ ಮುಗಿದ ಮೇಲೆ ಮೊದಲ ಮರಕ್ಕೆ ಮರಳಿ ಕಪ್ಪಿನ ಹಾಲನ್ನು ಬಕೆಟ್ಟಿಗೆ ಸುರಿಯುತ್ತ ಮತ್ತೆ ಅಷ್ಟೂ ಮರಗಳ ಸುತ್ತು. ಜಿಗಣೆ, ಹಾವು, ಜಾರುವ ಮಣ್ಣು. ದಕ್ಷಿಣ ಕನ್ನಡದ ಮಳೆಗಾಲದಲ್ಲಿ ಮರಕ್ಕೆ ಪ್ಲಾಸ್ಟಿಕ್ಕಿನ ಲಂಗ ತೊಡಿಸಿ ಕೊಯ್ಯುತ್ತಾರೆ. ಅದೂ ಸಾಧ್ಯವಾಗದ ಮಳೆಯಲ್ಲಿ ಕೆಲಸವಿಲ್ಲ. ಹೆಂಗಸರೂ ಗಂಡಸರೂ ಒಂದೇ ಸಮ ಮಾಡಿದ ಕೆಲಸವಿದು. ಕಾಡಿನಂಚಿನ ಗುಡ್ಡಗಳಿಂದ ಸರ್ಕಾರಕ್ಕೆ ಆದಾಯ ಬರುವಂತೆ ಮಾಡಿದ್ದು ಇವರ ಕೈಗಳು.

ಆದರೆ ಮನೆ ನಿಗಮದ್ದು. ಕೆಲಸ ಇರುವವರೆಗೆ ಕ್ವಾರ್ಟರ್ಸು. ನಿವೃತ್ತಿಯಾದರೆ ಮಗನೋ ಮಗಳೋ ತೋಟಕ್ಕೆ ಸೇರಿದ್ದರೆ ಸರಿ, ಇಲ್ಲದಿದ್ದರೆ ಸಾಮಾನು ಕಟ್ಟಬೇಕು ಎಂಬ ಹೆದರಿಕೆ. ಮಗಳು ಕಾಲೇಜು ಓದಿ ಮಂಗಳೂರಿನಲ್ಲಿ ಕೆಲಸ ಹಿಡಿದರೆ ಅಪ್ಪ ಅಮ್ಮನಿಗೆ ಸಂತೋಷದ ಜೊತೆಗೇ ಸೂರು ತಪ್ಪುವ ಚಿಂತೆ. ವಿದ್ಯೆ ಕಲಿತ ಮಕ್ಕಳನ್ನು ಚೂರಿಯ ಕೆಲಸಕ್ಕೆ ಎಳೆಯುವ ಈ ಕಟ್ಟು ಸಿಲೋನಿನ ತೋಟಗಳಲ್ಲಿ ಇದ್ದದ್ದೇ. ಅದರ ಮೇಲೆ ರಬ್ಬರಿನ ದರ. 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದು ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಳಿಯಿತು. ಮರಗಳಿಗೆ ವಯಸ್ಸಾಯಿತು, ಹೊಸ ಸಸಿ ನೆಟ್ಟರೆ ಹಾಲು ಕಾಣಲು ಏಳು ವರ್ಷ ಬೇಕು. ತೋಟ ನಷ್ಟದ್ದು ಎಂದು ಕಡತದಲ್ಲಿ ಬರೆದಾಗ, ಆ ಕಡತದೊಳಗೆ ಸಾವಿರಾರು ಜನರ ಮನೆಗಳೂ ಇವೆ ಎಂಬುದು ಬರೆದವರ ನೆನಪಿಗೆ ಬರಬೇಕು.

ಇನ್ನು ಜಾತಿ ಪ್ರಮಾಣಪತ್ರ. ಸಿಲೋನಿಗೆ ಹೋದ ಕೂಲಿಗಳಲ್ಲಿ ದೊಡ್ಡ ಪಾಲು ದಲಿತರು. ಪರಿಶಿಷ್ಟ ಜಾತಿಯ ಹಕ್ಕು ರಾಜ್ಯಕ್ಕೆ ಕಟ್ಟುಬಿದ್ದದ್ದು. 1950ರ ರಾಷ್ಟ್ರಪತಿ ಆದೇಶದ ಹೊತ್ತಿಗೆ ಕುಟುಂಬ ಯಾವ ರಾಜ್ಯದಲ್ಲಿತ್ತು ಎಂಬುದು ಅಲ್ಲಿ ಮುಖ್ಯ. ಇವರ ಹಿರಿಯರು ಆಗ ಭಾರತದ ಯಾವ ರಾಜ್ಯದಲ್ಲೂ ಇರಲಿಲ್ಲ. ತಮಿಳುನಾಡಿಗೆ ಹೋದರೆ ನೀವು ಕರ್ನಾಟಕದವರು, ಕರ್ನಾಟಕದಲ್ಲಿ ಕೇಳಿದರೆ ನೀವು ಹೊರಗಿನವರು. ಈ ಒಂದು ಕಾಗದಕ್ಕಾಗಿ ವರ್ಷಗಟ್ಟಲೆ ಅಲೆದವರಲ್ಲಿ ವಿದ್ಯಾರ್ಥಿವೇತನ, ಹಾಸ್ಟೆಲ್ಲು, ಸರ್ಕಾರಿ ನೌಕರಿಯ ವಯಸ್ಸು ಎಲ್ಲ ಕಳೆದುಕೊಂಡವರಿದ್ದಾರೆ. ಊರಲ್ಲಿ ಕೀಳಾಗಿ ಕಂಡ ಜಾತಿ ಕಡಲು ದಾಟಿದರೂ ಬಿಡಲಿಲ್ಲ. ಅದೇ ಜಾತಿಗೆ ಸಂವಿಧಾನ ಕೊಟ್ಟ ಆಸರೆ ಮಾತ್ರ ಕಡಲಲ್ಲೇ ಉಳಿಯಿತು. ಇದು ನನಗೆ ತೀರ ಅನ್ಯಾಯವಾಗಿ ಕಾಣುತ್ತದೆ.

ಬೈಲಕುಪ್ಪೆಗೆ ಮರಳೋಣ. ಅಲ್ಲಿ ತಲೆಗೆ ಇಷ್ಟೆಂದು ಜಮೀನು ಹಂಚಿದರು. ಮುಸುಕಿನ ಜೋಳ ಬೆಳೆದರು. ಜಮೀನಿನ ಆದಾಯವೊಂದರಿಂದಲೇ ಯಾರೂ ಶ್ರೀಮಂತರಾಗಲಿಲ್ಲ. ಜಮೀನಿನ ಜೊತೆಗೆ ಬಂದದ್ದು ಮುಖ್ಯ: ಸಹಕಾರ ಸಂಘ, ಟ್ರ್ಯಾಕ್ಟರು, ಜಮಖಾನೆ ನೇಯುವ ಕೇಂದ್ರ, ಆಸ್ಪತ್ರೆ, ತಮ್ಮ ಭಾಷೆಯಲ್ಲಿ ಕಲಿಸುವ ಶಾಲೆ, ಮಠ. ತಮ್ಮದೇ ಆಡಳಿತವೊಂದು ಧರ್ಮಶಾಲಾದಲ್ಲಿ ಕೂತು ಇವೆಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಟಿಬೆಟಿನ ಬೌದ್ಧ ಗುರು ಪೆನೋರ್ ರಿಂಪೋಚೆ 1963ರಲ್ಲಿ ಇಲ್ಲಿ ನಾಮ್ಡ್ರೋಲಿಂಗ್ ಮಠ ಕಟ್ಟಲು ತೊಡಗಿದಾಗ ಅವರ ಜೊತೆಗಿದ್ದದ್ದು ಬೆರಳೆಣಿಕೆಯ ಭಿಕ್ಷುಗಳು, ಬಿದಿರಿನ ಚಪ್ಪರ. ಲಾಸಾದ ಸೆರಾ ಮಠ ಬೈಲಕುಪ್ಪೆಯಲ್ಲಿ, ಗಾಂದೆನ್, ಡ್ರೆಪುಂಗ್ ಮಠಗಳು ಮುಂಡಗೋಡಿನಲ್ಲಿ ಮರುಹುಟ್ಟು ಪಡೆದವು. ಸ್ವೆಟರ್ ವ್ಯಾಪಾರವನ್ನೇ ನೋಡಿ. ಚಳಿಗಾಲ ಬರುತ್ತಲೇ ನೆಲೆಗಳ ಬಹಳ ಜನ ಊರೂರಿಗೆ ಹೊರಡುತ್ತಾರೆ, ಬೀದಿಬದಿಯ ಟಿಬೆಟನ್ ಮಾರುಕಟ್ಟೆಗಳು ಏಳುತ್ತವೆ, ಹೊಸ ವರ್ಷದ ಲೋಸಾರ್ ಹಬ್ಬದ ಹೊತ್ತಿಗೆ ಮರಳುತ್ತಾರೆ. ಸರಕು ಲುಧಿಯಾನದ್ದು, ಬಹುಪಾಲು ಸಾಲದ ಮೇಲೆ. ಮಾರಿದ ಮೇಲೆ ಹಣ. ಒತ್ತೆಯಿಡಲು ಆಸ್ತಿಯಿಲ್ಲದ ಜನಕ್ಕೆ ವ್ಯಾಪಾರಿಗಳು ಹೀಗೆ ಸಾಲ ಕೊಡುವುದು ಹಿಂದೆ ಒಂದು ಸಮುದಾಯ ನಿಂತಿದೆ ಎಂಬ ನಂಬಿಕೆಯಿಂದ. ರಬ್ಬರ್ ತೋಟದ ಲೈನಿನಲ್ಲಿ ಮಾರಿಯಮ್ಮನ ಗುಡಿಯಿದೆ, ಒಬ್ಬರಿಗೊಬ್ಬರು ಆಗುವ ಗುಣವೂ ಇದೆ. ಆದರೆ ಹಳೆಯ ತೋಟದ ನೆರೆಹೊರೆಯವರು ನಾಲ್ಕು ರಾಜ್ಯಗಳಿಗೆ ಚೆದುರಿಹೋದರು. ಆ ನಂಬಿಕೆಗೆ ನಿಲ್ಲಲು ನೆಲ ಸಿಗಲಿಲ್ಲ.

ಹಾಗೆಂದು ಬೈಲಕುಪ್ಪೆಯ ಬದುಕು ನಿಶ್ಚಿಂತೆಯದಲ್ಲ. ಭೂಮಿ ಗುತ್ತಿಗೆಯದು. ಇಲ್ಲೇ ಹುಟ್ಟಿದವರೂ ವಿದೇಶಿಯರಾಗಿ ನೋಂದಣಿ ಪತ್ರ ಇಟ್ಟುಕೊಂಡು ಅದನ್ನು ನವೀಕರಿಸುತ್ತಲೇ ಇರಬೇಕು. ಸರ್ಕಾರಿ ನೌಕರಿ ಇಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಇಲ್ಲಿನ ಪೌರರು ಎಂದು ಕಾಯ್ದೆ ಹೇಳುತ್ತದೆ. 2013ರಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆದರೆ 2017ರಲ್ಲಿ ಕೇಂದ್ರ ಸರ್ಕಾರ ಷರತ್ತು ಹಾಕಿತು: ಭಾರತೀಯ ಪಾಸ್‌ಪೋರ್ಟ್ ಬೇಕಾದರೆ ನೆಲೆ ಬಿಟ್ಟು ಹೊರಗೆ ಹೋಗಬೇಕು, ನಿರಾಶ್ರಿತರ ಸವಲತ್ತು ಬಿಡಬೇಕು. ಪೌರತ್ವ ಅಥವಾ ನೆಲ, ಎರಡರಲ್ಲಿ ಒಂದು. ಓದಿದ ಮಕ್ಕಳು ಕೆನಡಾ, ಅಮೆರಿಕದ ದಾರಿ ಹಿಡಿಯುತ್ತಿದ್ದಾರೆ. ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಮಠಗಳಲ್ಲಿ ಲಡಾಖ್, ಅರುಣಾಚಲ, ನೇಪಾಳದ ಹುಡುಗರು ಹೆಚ್ಚುತ್ತಿದ್ದಾರೆ.

ಹೊರಗಿನವರ ಗಮನದ ವಿಷಯವನ್ನೂ ಹೇಳಬೇಕು. ದಲೈ ಲಾಮಾರಂಥ ನಾಯಕ, 1989ರ ನೊಬೆಲ್, ಪಶ್ಚಿಮದ ದಾನಿಗಳು ಇವೆಲ್ಲ ಟಿಬೆಟಿನವರ ನೋವಿಗೆ ಜಗತ್ತಿನ ಕಿವಿ ಒದಗಿಸಿದವು. ತೋಟದ ಕೂಲಿಗಳ ನೋವು ಎರಡು ಸರ್ಕಾರಗಳ ಪತ್ರವ್ಯವಹಾರದಲ್ಲೇ ಮುಗಿಯಿತು. ಇದನ್ನು ಓದಿ ಯಾರಾದರೂ ಟಿಬೆಟಿನವರಿಗೆ ಕೊಟ್ಟದ್ದು ಹೆಚ್ಚಾಯಿತು ಎಂದುಕೊಂಡರೆ ನನ್ನ ಮಾತು ತಲುಪಿಲ್ಲ ಎಂದರ್ಥ. ಬೈಲಕುಪ್ಪೆಯ ಸುತ್ತಲಿನ ಹಳ್ಳಿಗಳ ಭೂಹೀನರು, ನಾಗರಹೊಳೆಯಿಂದ ಹೊರಬಿದ್ದ ಜೇನುಕುರುಬರು ಟಿಬೆಟನ್ ಹೊಲಗಳ ಕಡೆ ನೋಡಿ ನಮಗೇಕಿಲ್ಲ ಎಂದು ಕೇಳಿದರೆ ಆ ಪ್ರಶ್ನೆ ಸರ್ಕಾರಕ್ಕೆ ಕೇಳಿದ್ದು, ಟಿಬೆಟಿನವರಿಗಲ್ಲ. ಜಮೀನು, ಶಾಲೆ, ಸಂಘ ಕೊಟ್ಟು ನಿರ್ಗತಿಕರನ್ನು ನಿಲ್ಲಿಸಲು ಸಾಧ್ಯ ಎಂದು ಈ ರಾಜ್ಯವೇ ಒಮ್ಮೆ ಮಾಡಿ ತೋರಿಸಿದೆ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ.

ಸುಳ್ಯ, ಪುತ್ತೂರಿನಲ್ಲಿ ಈಗ ಬೇಕಾದದ್ದು ಮೂರು ಸಾವಿರ ಎಕರೆಯಲ್ಲ. ದುಡಿದು ನಿವೃತ್ತರಾದವರಿಗೆ, ಅವರು ಇಷ್ಟು ವರ್ಷ ಬಾಳಿದ ಊರಿನಲ್ಲೇ, ಅವರ ಹೆಸರಿನಲ್ಲಿ ಹಕ್ಕುಪತ್ರವಿರುವ ಒಂದು ಮನೆ ನಿವೇಶನ. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡುತ್ತ ಬೆಳೆದ ಅವರ ಮಕ್ಕಳಿಗೆ ತಕರಾರಿಲ್ಲದೆ ಕೈಗೆ ಬರುವ ಜಾತಿ ಪ್ರಮಾಣಪತ್ರ. ತೋಟ ಉಳಿಯಲಿ, ಮುಚ್ಚಲಿ, ಬೇರೆಯವರ ಕೈಗೆ ಹೋಗಲಿ, ನಿಗಮ ಈ ಎರಡನ್ನು ಮೊದಲು ಇತ್ಯರ್ಥ ಮಾಡದೆ ಒಂದು ಹೆಜ್ಜೆಯನ್ನೂ ಇಡಬಾರದು. ದಕ್ಷಿಣ ಕನ್ನಡದ ಜನಪ್ರತಿನಿಧಿಗಳು ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತುತ್ತಾರೆಂದು ನಾವು ಕಾಯುತ್ತೇವೆ.