ಬಾಗಿಲ ಹೊರಗೆ ನಿಂತ ಅಣ್ಣ

ಅಮೆರಿಕದ ಪುಸ್ತಕದಂಗಡಿಗಳಲ್ಲಿ ಪತ್ತೇದಾರಿ ಕಾದಂಬರಿಗಳಿಗೆ, ವೈಜ್ಞಾನಿಕ ಕಥೆಗಳಿಗೆ ಬೇರೆ ಬೇರೆ ಕಪಾಟುಗಳಿರುವಂತೆ 'ಕ್ರಿಶ್ಚಿಯನ್ ಫಿಕ್ಷನ್' ಎಂಬುದಕ್ಕೂ ಒಂದು ಕಪಾಟು ಇರುತ್ತದೆ. ಅಲ್ಲಿನ ಎಷ್ಟೋ ಕಾದಂಬರಿಗಳ ಹಂದರ ಒಂದೇ. ಮುನಿಸಿಕೊಂಡು ಮನೆ ಬಿಟ್ಟವರು ವರ್ಷಗಳ ನಂತರ ಊರಿಗೆ ಬರುತ್ತಾರೆ. ತಂದೆಯೋ ತಾಯಿಯೋ ಹಾಸಿಗೆ ಹಿಡಿದಿರುತ್ತಾರೆ. ಹಳೆಯ ಪ್ರೇಮವೊಂದು ಮತ್ತೆ ಎದುರಾಗುತ್ತದೆ. ಕಣ್ಣೀರು, ಪ್ರಾರ್ಥನೆ, ಕ್ಷಮೆ ಎಲ್ಲ ಮುಗಿದು ಕೊನೆಯ ಪುಟದಲ್ಲಿ ಮನೆಮಂದಿ ಒಂದೇ ಮೇಜಿನ ಸುತ್ತ ಊಟಕ್ಕೆ ಕೂತಿರುತ್ತಾರೆ.

ಮುಗಿಯುವುದು ಹೀಗೆಯೇ ಎಂದು ಮೊದಲೇ ಗೊತ್ತಿರುವ ಕಥೆಯನ್ನು ಜನ ಮತ್ತೆ ಮತ್ತೆ ಏಕೆ ಓದುತ್ತಾರೆ? ವಿಮರ್ಶಕರು ಮೂಗು ಮುರಿಯಬಹುದು. ಆದರೆ ಮಾತು ಬಿಟ್ಟ ಅಣ್ಣ, ಮದುವೆಗೆ ಕರೆಯದ ತಂಗಿ, ಸಾವಿಗೂ ಬಾರದ ಮಗ ಇವರೆಲ್ಲ ಕಾದಂಬರಿಯಲ್ಲಿ ಮಾತ್ರ ಇರುವವರಲ್ಲ. ತಮ್ಮ ಮನೆಯಲ್ಲಿ ಆಗದೇ ಹೋದದ್ದು ಪುಸ್ತಕದಲ್ಲಾದರೂ ಆಗಲಿ ಎಂದು ಹಂಬಲಿಸುವ ಓದುಗರನ್ನು ತಪ್ಪು ಹೇಳುವಂತಿಲ್ಲ. ಪ್ರಶ್ನೆ ಬೇರೆ ಇದೆ. ಈ ಕಥೆಗಳು ಕ್ಷಮಿಸುವುದನ್ನೂ ಮತ್ತೆ ಒಂದಾಗುವುದನ್ನೂ ಒಂದೇ ಎಂದು ತೋರಿಸಿಬಿಡುತ್ತವೆ. ಅವು ಒಂದೇ ಏನು?

ಈ ಹಂದರದ ಮೂಲ ಬೈಬಲ್ಲಿನಲ್ಲಿದೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಈ ಸಾಮತಿ ಕನ್ನಡದ ಓದುಗರಿಗೆ 'ದುಂದುಗಾರ ಮಗನ ಕಥೆ' ಎಂದು ಪರಿಚಿತ. ಕಿರಿಯ ಮಗ, ತಂದೆ ಬದುಕಿರುವಾಗಲೇ ತನ್ನ ಪಾಲು ಕೇಳಿ ತೆಗೆದುಕೊಂಡು ದೂರದೇಶಕ್ಕೆ ಹೋಗುತ್ತಾನೆ. ಹಿರಿಯ ಮಗನಿಗೆ ಎರಡು ಪಾಲು ಎಂಬುದು ಧರ್ಮೋಪದೇಶಕಾಂಡದ ನಿಯಮ. ಆ ಲೆಕ್ಕದಲ್ಲಿ ಇಬ್ಬರು ಮಕ್ಕಳಿರುವ ಮನೆಯಲ್ಲಿ ಕಿರಿಯನಿಗೆ ದಕ್ಕುವುದು ಆಸ್ತಿಯ ಮೂರನೆಯ ಒಂದು ಭಾಗ. ಅದನ್ನೆಲ್ಲ ಅವನು ಹಾಳುಮಾಡುತ್ತಾನೆ. ಬರಗಾಲ ಬಂದು, ಹಂದಿ ಕಾಯುವ ಕೂಲಿಯಾಗಿ, ಹಂದಿಯ ಮೇವಿಗೂ ಆಸೆಪಡುವ ಸ್ಥಿತಿ ತಲುಪುತ್ತಾನೆ. ತಂದೆಯ ಮುಂದೆ ಹೇಳಬೇಕಾದ ಮಾತನ್ನು ಸಿದ್ಧಮಾಡಿಕೊಂಡು ಊರಿನತ್ತ ಹೊರಡುತ್ತಾನೆ. ತಂದೆ ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಳ್ಳುತ್ತಾನೆ. ಕೂಲಿಯವನಂತೆ ಇಟ್ಟುಕೋ ಎಂದು ಕೇಳುವ ಮೊದಲೇ ನಿಲುವಂಗಿ, ಉಂಗುರ, ಕೆರ ತರಿಸುತ್ತಾನೆ. ಕೊಬ್ಬಿದ ಕರುವಿನ ಔತಣ ನಡೆಯುತ್ತದೆ.

ಜನಪ್ರಿಯ ಕಾದಂಬರಿ ಮುಗಿಯುವುದು ಇಲ್ಲಿಗೆ. ಮೂಲ ಕಥೆ ಮಾತ್ರ ಇಲ್ಲಿಗೆ ಮುಗಿಯುವುದಿಲ್ಲ. ಹೊಲದಿಂದ ಬರುತ್ತಿದ್ದ ಹಿರಿಯ ಮಗ ಹಾಡು ಕುಣಿತದ ಸದ್ದು ಕೇಳಿ ಆಳೊಬ್ಬನನ್ನು ವಿಚಾರಿಸುತ್ತಾನೆ. ತಮ್ಮ ಬಂದನೆಂದು ಮನೆಯಲ್ಲಿ ಸಂಭ್ರಮ. ಅಣ್ಣನಿಗೆ ಹೇಳಿಕಳುಹಿಸಿದವರೂ ಇಲ್ಲ! ಸಿಟ್ಟಿನಿಂದ ಹೊರಗೇ ನಿಲ್ಲುತ್ತಾನೆ. ಇಷ್ಟು ವರ್ಷ ದುಡಿದ ತನಗೆ ಗೆಳೆಯರ ಜತೆ ಹಬ್ಬ ಮಾಡಲು ಒಂದು ಆಡಿನ ಮರಿಯೂ ಸಿಗಲಿಲ್ಲ ಎಂಬುದು ಅವನ ದೂರು. ಆ ದೂರು ಸುಳ್ಳೆಂದು ಯಾರೂ ಹೇಳಲಾರರು. ತಂದೆ ಅವನ ಬಳಿಗೂ ಬಂದು ಬೇಡಿಕೊಳ್ಳುತ್ತಾನೆ. ಅಣ್ಣ ಒಳಗೆ ಹೋದನೇ? ಸುವಾರ್ತೆ ಹೇಳುವುದಿಲ್ಲ. ಕಥೆ ಬಾಗಿಲ ಹೊರಗೇ ನಿಂತುಬಿಡುತ್ತದೆ. ತಂದೆ ಕ್ಷಮಿಸಿದ್ದಾಯಿತು. ಮನೆ ಒಂದಾಯಿತೇ ಎಂಬುದಕ್ಕೆ ಉತ್ತರವಿಲ್ಲ.

ಹಳೆಯ ಒಡಂಬಡಿಕೆಯ ಯೋಸೇಫನ ಕಥೆಯಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಗಳಿಗೆ ಮಾರುತ್ತಾರೆ. ಕಥೆಯ ಆರಂಭದಲ್ಲಿ ಅವನ ವಯಸ್ಸು 17. ಈಜಿಪ್ಟಿನಲ್ಲಿ ಫರೋಹನ ಮುಂದೆ ನಿಂತು ಅಧಿಕಾರ ಪಡೆಯುವಾಗ 30. ಆಮೇಲೆ ಸುಭಿಕ್ಷದ ಏಳು ವರ್ಷ, ಬರಗಾಲದ ಎರಡು ವರ್ಷ. ಅಂದರೆ ಅಣ್ಣಂದಿರಿಗೆ ತಾನು ಯಾರೆಂದು ಹೇಳುವಾಗ ಅವನಿಗೆ ಸುಮಾರು 39. ನಡುವೆ ಕಳೆದದ್ದು ಹೆಚ್ಚುಕಡಿಮೆ 22 ವರ್ಷ.

ಧಾನ್ಯ ಕೊಳ್ಳಲು ಬಂದ ಅಣ್ಣಂದಿರನ್ನು ಯೋಸೇಫ ನೋಡಿದ ಕ್ಷಣವೇ ಗುರುತಿಸುತ್ತಾನೆ. ಅವರ ಮಾತು ಕೇಳಿ ಮರೆಗೆ ಹೋಗಿ ಅಳುತ್ತಾನೆ. ಮನಸ್ಸು ಕರಗಿದೆ, ಆದರೂ ತಾನು ಯಾರೆಂದು ಹೇಳುವುದಿಲ್ಲ. ಅವರನ್ನು ಪರೀಕ್ಷಿಸುತ್ತಾನೆ. ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿಯ ಪಾತ್ರೆ ಇಡಿಸಿ, ಕಳ್ಳತನದ ಆರೋಪ ಹೊರಿಸಿ, ಅವನೊಬ್ಬನನ್ನೇ ಗುಲಾಮನಾಗಿ ಹಿಡಿದುಕೊಳ್ಳುವುದಾಗಿ ಹೇಳುತ್ತಾನೆ. ತಂದೆಯ ಮುದ್ದಿನ ಮಗನನ್ನು ಬಿಟ್ಟು ತಾವು ಪಾರಾಗುವ ಅವಕಾಶ ಅಣ್ಣಂದಿರಿಗೆ ಎರಡನೆಯ ಬಾರಿ ಸಿಕ್ಕಂತಾಯಿತು. ಹಿಂದೆ ಯೋಸೇಫನನ್ನು ಮಾರೋಣ ಎಂದು ಸೂಚಿಸಿದ್ದ ಯೂದನೇ ಈಗ ಮುಂದೆ ಬಂದು, ತಮ್ಮನ ಬದಲಿಗೆ ತನ್ನನ್ನು ಗುಲಾಮನನ್ನಾಗಿ ಮಾಡಿಕೊಳ್ಳಿ ಎನ್ನುತ್ತಾನೆ. ಆಗ ಯೋಸೇಫ ಗಟ್ಟಿಯಾಗಿ ಅತ್ತು ತನ್ನ ಗುರುತು ಹೇಳುತ್ತಾನೆ.

ಅಷ್ಟಾದರೂ ಕಥೆ ಮುಗಿಯಲಿಲ್ಲ. ಯಾಕೋಬ ಈಜಿಪ್ಟಿನಲ್ಲಿ 17 ವರ್ಷ ಬದುಕಿ ತೀರಿಕೊಂಡ ಮೇಲೆ, ಅಪ್ಪನ ಮುಖ ನೋಡಿ ಸುಮ್ಮನಿದ್ದ ಯೋಸೇಫ ಈಗ ಸೇಡು ತೀರಿಸಿಕೊಳ್ಳಬಹುದೆಂದು ಅಣ್ಣಂದಿರು ಹೆದರುತ್ತಾರೆ. 17 ವರ್ಷ ಜತೆಯಲ್ಲಿ ಬಾಳಿದ ಮೇಲೂ ಆ ಅಂಜಿಕೆ ಹೋಗಿರಲಿಲ್ಲ.

ಮುರಿದ ಮೂಳೆಯನ್ನು ನೆನೆಯಿರಿ. ವೈದ್ಯರು ಎರಡು ತುದಿಗಳನ್ನು ಸರಿಯಾಗಿ ಜೋಡಿಸಿ ಅಲ್ಲಾಡದಂತೆ ಪ್ಲಾಸ್ಟರ್ ಹಾಕುತ್ತಾರೆ. ಬೆಸೆಯುವ ಕೆಲಸ ಅವರದಲ್ಲ, ಮೂಳೆಯದು. ಮೊದಲು ಮೆತ್ತನೆಯ ಅಂಗಾಂಶ ಬೆಳೆದು ಸಂದನ್ನು ತುಂಬುತ್ತದೆ. ವಾರಗಟ್ಟಲೆ ಕಳೆದಂತೆ ಅದು ಗಟ್ಟಿಯಾಗುತ್ತದೆ. ಆ ಮೊದಲೇ ಭಾರ ಹೊರಿಸಿದರೆ ಮತ್ತೆ ಮುರಿಯುತ್ತದೆ. ಕ್ಷಮೆ ಎಂಬುದು ತುದಿಗಳನ್ನು ಜೋಡಿಸುವ ಕೆಲಸ. ಅದನ್ನು ಒಬ್ಬರೇ, ಒಂದೇ ದಿನದಲ್ಲಿ ಮಾಡಬಹುದು. ಒಂದಾಗುವುದಕ್ಕೆ ಎರಡೂ ಕಡೆಯಿಂದ ಬೆಳವಣಿಗೆ ಬೇಕು, ಕಾಲವೂ ಬೇಕು.

ಹೆಚ್ಚು ಓದುಗರನ್ನು ಪಡೆದ ಕ್ರೈಸ್ತ ಕಾದಂಬರಿಗಳು ಇದನ್ನು ಹೇಗೆ ನಿಭಾಯಿಸಿವೆ? ಕೆನಡಾದಲ್ಲಿ ಜನಿಸಿದ ಜಾನೆಟ್ ಓಕ್ ಅವರ 'ಲವ್ ಕಮ್ಸ್ ಸಾಫ್ಟ್‌ಲಿ' 1979ರಲ್ಲಿ ಪ್ರಕಟವಾಯಿತು. ಪಶ್ಚಿಮಕ್ಕೆ ವಲಸೆ ಬಂದ ಮಾರ್ಟಿ ಎಂಬ ತರುಣಿ ಗಂಡನನ್ನು ಕಳೆದುಕೊಳ್ಳುತ್ತಾಳೆ. ತಾಯಿಯಿಲ್ಲದ ಮಗಳಿರುವ ಕ್ಲಾರ್ಕ್ ಎಂಬ ವಿಧುರ ಅವಳನ್ನು ಮದುವೆಯಾಗುತ್ತಾನೆ. ಪ್ರೇಮಕ್ಕಾಗಿ ಅಲ್ಲ, ಮಗುವಿಗೆ ತಾಯಿ ಬೇಕೆಂದು. ಇಷ್ಟವಿಲ್ಲದಿದ್ದರೆ ವಸಂತದಲ್ಲಿ ಪೂರ್ವಕ್ಕೆ ಹೊರಡುವ ಬಂಡಿಗಳ ಜತೆ ಊರಿಗೆ ಕಳಿಸುವುದಾಗಿ ಮಾತು ಕೊಡುತ್ತಾನೆ. ಕಾದಂಬರಿಯ ಜೀವ ಇರುವುದು ಆ ಮಾತಿನಲ್ಲಿ. ಹೋಗುವ ಬಾಗಿಲು ತೆರೆದಿದ್ದರಿಂದಲೇ ಅವಳು ಉಳಿದದ್ದಕ್ಕೆ ಬೆಲೆ ಬಂತು. ಒಲವು ಬರುವುದು ಅಡಿಗೆ, ಒಗೆತ, ಮಗುವಿನ ಆರೈಕೆಗಳ ನಡುವೆ, ಸದ್ದಿಲ್ಲದೆ.

ಫ್ರಾನ್ಸಿನ್ ರಿವರ್ಸ್ ಅವರ 'ರಿಡೀಮಿಂಗ್ ಲವ್' 1991ರದು. 2022ರಲ್ಲಿ ಚಲನಚಿತ್ರವೂ ಆಯಿತು. ದ್ರೋಹ ಮಾಡಿದ ಹೆಂಡತಿಯನ್ನು ಪ್ರವಾದಿ ಹೋಶೇಯ 15 ಬೆಳ್ಳಿ ನಾಣ್ಯ ಮತ್ತು ಜವೆಗೋಧಿ ಕೊಟ್ಟು ಬಿಡಿಸಿ ತರುವ ಪ್ರಸಂಗ ಹಳೆಯ ಒಡಂಬಡಿಕೆಯಲ್ಲಿದೆ. ರಿವರ್ಸ್ ಆ ವಸ್ತುವನ್ನು 1850ರ ಸುಮಾರಿನ ಕ್ಯಾಲಿಫೋರ್ನಿಯಾಕ್ಕೆ, ಚಿನ್ನದ ಬೇಟೆಯ ಕಾಲಕ್ಕೆ ತಂದಿದ್ದಾರೆ. ಬಾಲ್ಯದಲ್ಲೇ ವೇಶ್ಯಾವೃತ್ತಿಗೆ ಮಾರಾಟವಾದ ಏಂಜೆಲ್‌ಳನ್ನು ಮೈಕೆಲ್ ಎಂಬ ರೈತ ಮದುವೆಯಾಗುತ್ತಾನೆ. ಅವಳು ಮತ್ತೆ ಮತ್ತೆ ಓಡಿಹೋಗುತ್ತಾಳೆ. ಕೊನೆಯ ಸಲ ಅವನು ಹುಡುಕಿಕೊಂಡು ಹೋಗುವುದಿಲ್ಲ. ವರ್ಷಗಳು ಕಳೆದ ಮೇಲೆ, ಸ್ವಂತ ಕಾಲ ಮೇಲೆ ನಿಂತು, ಅವಳೇ ತನ್ನಿಚ್ಛೆಯಿಂದ ಹಿಂದಿರುಗುತ್ತಾಳೆ.

ಈ ಕಾದಂಬರಿಯ ದೊಡ್ಡ ಕೊರತೆ ಅದರ ನಾಯಕ. ಮೈಕೆಲ್ ಎಷ್ಟು ಒಳ್ಳೆಯವನೆಂದರೆ ಅವನಿಗೆ ಯಾರಿಂದಲೂ ಕ್ಷಮೆ ಬೇಕೆನಿಸುವುದಿಲ್ಲ. ಕೊಡುವವರು ಒಬ್ಬರೇ, ಪಡೆಯುವವರು ಒಬ್ಬರೇ ಆದ ಮನೆ ಯಾವ ಊರಲ್ಲಿದೆ? ಇಂಥ ಕಥೆಗಳಿಂದ ಒಂದು ಅಪಾಯವೂ ಉಂಟು. ಹೊಡೆದು ಬಡಿದು ಮಾಡುವ ಗಂಡನನ್ನು ಬಿಟ್ಟು ಬಂದ ಹೆಣ್ಣಿಗೆ 'ಕ್ಷಮಿಸಿಬಿಡಮ್ಮಾ' ಎಂದು ಹಿರಿಯರು ಹೇಳುವಾಗ, 'ಅದೇ ಮನೆಗೆ ಹಿಂದಿರುಗು' ಎಂಬುದೇ ಅದರ ಅರ್ಥವಾಗಿರುತ್ತದೆ. ಯೋಸೇಫ ಹಾಗೆ ಮಾಡಲಿಲ್ಲ. ಎದುರಿನವರು ಬದಲಾಗಿದ್ದಾರೆಯೇ ಎಂದು ನೋಡುವವರೆಗೆ ಅವನು ಗುರುತು ಬಿಟ್ಟುಕೊಡಲಿಲ್ಲ. ಮನಸ್ಸಿನಲ್ಲಿ ಕ್ಷಮಿಸಿಯೂ ದೂರ ಉಳಿಯುವ ಹಕ್ಕು ನೊಂದವರಿಗೆ ಇದೆ.

ಇದೇ ಹಂದರವನ್ನು ಹಿಡಿದು, ಸುಲಭದ ಅಂತ್ಯವನ್ನು ಒಲ್ಲದೆ ಬರೆದವರು ಮೆರಿಲಿನ್ ರಾಬಿನ್ಸನ್. ಅವರ ಪುಸ್ತಕಗಳನ್ನು ಪ್ರತ್ಯೇಕ ಕಪಾಟಿನಲ್ಲಿ ಇಡುವುದಿಲ್ಲ. ಸಾಮಾನ್ಯ ಸಾಹಿತ್ಯವೆಂದೇ ಗಣಿಸುತ್ತಾರೆ. ಆದರೆ ಕ್ರೈಸ್ತ ನಂಬಿಕೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಕಾದಂಬರಿಗಳು ನಮ್ಮ ಕಾಲದಲ್ಲಿ ವಿರಳ. 2004ರ 'ಗಿಲಿಯಡ್' ಮರುವರ್ಷ ಪುಲಿಟ್ಜರ್ ಬಹುಮಾನ ಪಡೆಯಿತು. ಅದೇ ಊರಿನ, ಅದೇ ದಿನಗಳ ಕಥೆಯನ್ನು ಮತ್ತೊಂದು ಮನೆಯ ಒಳಗಿನಿಂದ ಹೇಳುವ 'ಹೋಮ್' 2008ರಲ್ಲಿ ಬಂತು. 2014ರಲ್ಲಿ 'ಲೀಲಾ', 2020ರಲ್ಲಿ 'ಜ್ಯಾಕ್' ಬಂದವು.

'ಹೋಮ್' ನಡೆಯುವುದು 1956ರಲ್ಲಿ, ಅಯೋವಾ ರಾಜ್ಯದ ಗಿಲಿಯಡ್ ಎಂಬ ಕಲ್ಪಿತ ಊರಿನಲ್ಲಿ. ನಿವೃತ್ತ ಪಾದ್ರಿ ಬೌಟನ್ ಮರಣಶಯ್ಯೆಯಲ್ಲಿದ್ದಾರೆ. ಮದುವೆಯಾಗುವೆನೆಂದು ನಂಬಿಸಿದವನಿಂದ ಮೋಸಹೋಗಿ ಊರಿಗೆ ಬಂದ ಕಿರಿಯ ಮಗಳು ಗ್ಲೋರಿ ಅವರ ಆರೈಕೆ ಮಾಡುತ್ತಿದ್ದಾಳೆ. 20 ವರ್ಷ ಸುದ್ದಿಯಿಲ್ಲದೆ ಇದ್ದ ಮಗ ಜ್ಯಾಕ್ ಒಂದು ದಿನ ಬಾಗಿಲಿಗೆ ಬರುತ್ತಾನೆ. ಹರೆಯದಲ್ಲಿ ಬಡ ಹುಡುಗಿಯೊಬ್ಬಳಿಗೆ ಮಗುವನ್ನು ಕೊಟ್ಟು ಕೈಬಿಟ್ಟವನು. ಆ ಮಗು ಉಳಿಯಲಿಲ್ಲ. ಹೆತ್ತ ತಾಯಿಯ ಶವಸಂಸ್ಕಾರಕ್ಕೂ ಬಾರದವನು. ತಂದೆ ಅವನಿಗಾಗಿ ಎರಡು ದಶಕ ಪ್ರಾರ್ಥಿಸಿದವರು. ಕ್ಷಮಿಸಿದ್ದೇನೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಮಗ ಎದುರಿಗೆ ಕೂತಾಗಲೇ ಅವರಿಗೆ ತಿಳಿಯುವುದು, ಒಳಗಿನ ನೋವು ಹಾಗೆಯೇ ಇದೆ ಎಂದು.

ಮಗನ ಎದೆಯಲ್ಲಿ ಇನ್ನೊಂದು ಗುಟ್ಟಿದೆ. ಡೆಲ್ಲಾ ಎಂಬ ಕಪ್ಪು ವರ್ಣೀಯ ಉಪಾಧ್ಯಾಯಿನಿ, ಪಾದ್ರಿಯೊಬ್ಬರ ಮಗಳು, ಅವನು ಹೆಂಡತಿಯೆಂದು ನಂಬಿದವಳು. ಅವರಿಗೊಬ್ಬ ಮಗನಿದ್ದಾನೆ, ಅಜ್ಜನ ಹೆಸರೇ ಅವನಿಗೆ, ರಾಬರ್ಟ್. ಅವರು ಬಾಳುತ್ತಿದ್ದ ಮಿಸೌರಿ ರಾಜ್ಯದಲ್ಲಿ ಬಿಳಿಯರು ಮತ್ತು ಕರಿಯರ ನಡುವಿನ ಮದುವೆಗೆ ಕಾನೂನಿನ ನಿಷೇಧವಿತ್ತು. ಅಂಥ ಕಾಯಿದೆಗಳನ್ನು ಅಮೆರಿಕದ ಸುಪ್ರೀಂ ಕೋರ್ಟು ರದ್ದುಮಾಡಿದ್ದು 1967ರಲ್ಲಿ. ಅಯೋವಾದಲ್ಲಿ ಆ ನಿಷೇಧ ಇರಲಿಲ್ಲ. ಹೆಂಡತಿ ಮಗನೊಡನೆ ಹುಟ್ಟಿದೂರಿನಲ್ಲಿ ಬಾಳಬಹುದೇ ಎಂದು ತಿಳಿಯುವ ಆಸೆಯೂ ಅವನನ್ನು ಊರಿಗೆ ಎಳೆದಿತ್ತು. ತಂದೆಯ ಮನೆಯಲ್ಲಿ ಟಿವಿ ಮುಂದೆ ಕೂತಾಗ, ಕರಿಯರ ಪ್ರತಿಭಟನೆಯ ಬಗ್ಗೆ ಆ ಸಜ್ಜನ ಮುದುಕರ ಬಾಯಿಂದ ಬರುವ ಮಾತುಗಳನ್ನು ಕೇಳಿದ ಮೇಲೆ ಅವನ ಗುಟ್ಟು ಗಂಟಲಲ್ಲೇ ಉಳಿಯುತ್ತದೆ. ಡೆಲ್ಲಾಗೆ ಬರೆದ ಪತ್ರಗಳೂ ತೆರೆಯದೆ ಹಿಂದಿರುಗುತ್ತವೆ. ಕೊನೆಗೆ ಅವನು ಊರು ಬಿಡುತ್ತಾನೆ. ಹೊರಡುವಾಗ ಕೈ ಚಾಚಿದರೆ ತಂದೆ ತಮ್ಮ ಕೈ ಹಿಂದೆಳೆದುಕೊಂಡು ಮುಖ ತಿರುಗಿಸುತ್ತಾರೆ.

ಅವನು ಹೋದ ಮೇಲೆ, ಡೆಲ್ಲಾ ಮಗನನ್ನು ಕರೆದುಕೊಂಡು ಅದೇ ಮನೆಯ ಮುಂದೆ ಬಂದಿಳಿಯುತ್ತಾಳೆ. ಅವರು ಯಾರೆಂದು ಗ್ಲೋರಿಗೆ ಅರ್ಥವಾಗುತ್ತದೆ. ಆದರೆ ಅವರು ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಕತ್ತಲಾದ ಮೇಲೆ ಆ ದಾರಿ ಕಪ್ಪು ವರ್ಣೀಯರಿಗೆ ಕ್ಷೇಮವಲ್ಲ. ಅಜ್ಜನ ಮನೆಯನ್ನು ಹೊರಗಿನಿಂದಲೇ ನೋಡಿ ಮೊಮ್ಮಗ ಹಿಂದಿರುಗುತ್ತಾನೆ.

ದುಂದುಗಾರ ಮಗನ ಕಥೆಯನ್ನು ರಾಬಿನ್ಸನ್ ತಿರುಗಿಸಿ ಹಿಡಿದದ್ದು ಹೀಗೆ. ತಂದೆ ಒಳ್ಳೆಯವರು, ಮಗ ಪಶ್ಚಾತ್ತಾಪಪಟ್ಟವನು, ತಂಗಿ ಕರುಣೆಯುಳ್ಳವಳು. ಆದರೂ ಮನೆ ಒಂದಾಗಲಿಲ್ಲ. ಏಕೆಂದರೆ ಇಲ್ಲಿ ಬಾಗಿಲ ಹೊರಗೆ ಮುನಿಸಿಕೊಂಡು ನಿಂತ ಅಣ್ಣ ಒಬ್ಬ ಮನುಷ್ಯನಲ್ಲ, ಇಡೀ ಸಮಾಜ. ಔತಣ ಸಿದ್ಧವಿದ್ದರೂ ಬಂದವರನ್ನು ಅದು ಒಳಗೆ ಬಿಡದು. ತಂದೆಯ ಪ್ರಾರ್ಥನೆಯಲ್ಲೂ ಆ ಸಮಾಜದ ಒಂದು ತುಣುಕು ಅವರಿಗೇ ಅರಿವಿಲ್ಲದೆ ಸೇರಿಕೊಂಡಿತ್ತು.

ಹಾಗಾದರೆ ಕ್ಷಮೆ ವ್ಯರ್ಥವೇ? ಅಲ್ಲ. 'ಗಿಲಿಯಡ್'ನ ಕೊನೆಯಲ್ಲಿ ವೃದ್ಧ ಪಾದ್ರಿ ಏಮ್ಸ್, ತಾನು ವರ್ಷಗಟ್ಟಲೆ ಅನುಮಾನಿಸಿದ್ದ ಇದೇ ಜ್ಯಾಕ್‌ನನ್ನು ಬಸ್ ನಿಲ್ಲುವಲ್ಲಿ ಆಶೀರ್ವದಿಸಿ ಕಳಿಸುತ್ತಾರೆ. ಅದರಿಂದ ಅವನ ಹೆಂಡತಿ ಮಗ ಸಿಗುವುದಿಲ್ಲ, ಕಾನೂನು ಬದಲಾಗುವುದಿಲ್ಲ. ಆದರೆ ಅವನು ಶಾಪ ಹೊತ್ತು ಹೋಗದೆ ಆಶೀರ್ವಾದ ಹೊತ್ತು ಹೋದ. 'ಹೋಮ್'ನಲ್ಲಿ ಗ್ಲೋರಿ ತನ್ನ ಬೇರೆ ಆಸೆಗಳನ್ನು ಬದಿಗಿಟ್ಟು ಆ ಹಳೆಯ ಮನೆಯನ್ನು ಇದ್ದಂತೆಯೇ ಉಳಿಸಿಕೊಳ್ಳಲು ನಿಶ್ಚಯಿಸುತ್ತಾಳೆ. ಆ ಹುಡುಗ ದೊಡ್ಡವನಾಗಿ ಎಂದಾದರೂ ಹುಡುಕಿಕೊಂಡು ಬಂದರೆ ನೋಡಲು ಮನೆ ಇರಲಿ ಎಂದು.

ಎಲ್ಲರೂ ಮೇಜಿನ ಸುತ್ತ ಕೂತ ಚಿತ್ರದೊಡನೆ ಮುಗಿಯುವ ಕಾದಂಬರಿ ಓದುಗರಿಗೆ ನೆಮ್ಮದಿ ಕೊಡುತ್ತದೆ. ಅದು ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಪುಸ್ತಕ ಮುಚ್ಚುವ ಮುನ್ನ ಮೇಜಿನ ಸುತ್ತ ಇರುವವರನ್ನು ಒಮ್ಮೆ ಎಣಿಸಿ ನೋಡಬೇಕು. ಯಾರಾದರೂ ಬಾಗಿಲ ಹೊರಗೆ ಉಳಿದಿದ್ದಾರೆಯೇ? ಲೂಕನ ಕಥೆಯ ತಂದೆ ಔತಣದ ನಡುವೆ ಎದ್ದು ಹೊರಗೆ ಬಂದ. ಒಂದಾಗುವ ಕೆಲಸದ ಕಷ್ಟದ ಭಾಗ ಶುರುವಾಗುವುದು ಅಲ್ಲಿಂದಲೇ.