ಇಳಿದು ತಳ್ಳಿದವನೂ ಸವಾರನೇ

ಹೋದ ಚಳಿಗಾಲದ ಒಂದು ಭಾನುವಾರ ಹಾಸನದಿಂದ ಸೈಕಲ್ ಹತ್ತಿ ಹೊರಟೆ. ಬೇಲೂರು, ಚಿಕ್ಕಮಗಳೂರು ದಾಟಿ ಮುಳ್ಳಯ್ಯನಗಿರಿ ಮುಟ್ಟಬೇಕು. ಸುಮಾರು 1,930 ಮೀಟರ್ ಎತ್ತರದ ಬೆಟ್ಟ, ನಮ್ಮ ರಾಜ್ಯದಲ್ಲೇ ಎತ್ತರದ್ದು. ಇಂಥ ಹೊತ್ತಿನೊಳಗೆ ಮುಟ್ಟಿದವರ ಹೆಸರು ಬರೆದುಕೊಂಡು ಪ್ರಶಸ್ತಿಪತ್ರ ಕೊಡ್ತೀವಿ ಅಂತ ಸವಾರಿ ಏರ್ಪಡಿಸಿದವರು ಹೇಳಿದ್ದರು. ಕೊಟ್ಟ ಚೀಟಿಯಲ್ಲಿ ಹೊತ್ತು ಮಾತ್ರ ಇತ್ತು. ಇಳಿಯಬಾರದು ಅಂತ ಒಂದಕ್ಷರ ಇರಲಿಲ್ಲ.

ನನ್ನದು ಅಪ್ಪನ ಹಳೇ ಸೈಕಲ್ಲು. ಇಪ್ಪತ್ತು ಕೆ.ಜಿ. ಕಬ್ಬಿಣ. ಗೇರಿಲ್ಲ. ಹಿಂದೆ ಹುಲ್ಲಿನ ಹೊರೆ ಕಟ್ಟುವ ಕ್ಯಾರಿಯರು. ಚಿಕ್ಕಮಗಳೂರಿನ ತನಕ ಸೈಕಲ್ಲು ನನ್ನನ್ನು ಹೊತ್ತಿತು. ಕೈಮರ ದಾಟಿದ ಮೇಲೆ ರಸ್ತೆ ಗೋಡೆ ಥರ ಎದ್ದು ನಿಂತಿತು. ಸೀಟು ಬಿಟ್ಟೆದ್ದು ತುಳಿದೆ. ರಸ್ತೆಯ ಈ ಅಂಚಿಂದ ಆ ಅಂಚಿಗೆ ಹಾವಿನಂಗೆ ತುಳಿದೆ. ಒಂದು ತಿರುವಿನಲ್ಲಿ ಪೆಡಲ್ ಅಲ್ಲಾಡಲಿಲ್ಲ. ಇಳಿದೆ. ತಳ್ಳಿದೆ. ಸ್ವಲ್ಪ ಸಲೀಸು ಸಿಕ್ಕ ಕಡೆ ಹತ್ತಿದೆ, ಮತ್ತೆ ಇಳಿದೆ, ಮತ್ತೆ ತಳ್ಳಿದೆ. ಹೊತ್ತಿಗೆ ಮುಂಚೆಯೇ ಮೇಲಿದ್ದೆ.

ಅಲ್ಲಿ ಜೀಪಿನಲ್ಲಿ ಬಂದಿದ್ದ ದೊಡ್ಡ ಮನುಷ್ಯರೊಬ್ಬರು ಪುಸ್ತಕ ಹಿಡಿದು ಕೂತಿದ್ದರು. 'ನೀನು ತಳ್ಳಿಕೊಂಡು ಬಂದೆಯಂತಲ್ಲಪ್ಪ?' ಅಂದರು. 'ಹೌದು ಸಾರ್, ಅಲ್ಲಲ್ಲಿ' ಅಂದೆ. 'ಹಂಗಾದ್ರೆ ಬರೆಯಲ್ಲ. ತುಳಿದೋನು ಸವಾರ, ತಳ್ಳಿದೋನು ಪಾದಚಾರಿ. ಹಿಂದಿನ ಕಾಲದ ಸವಾರರು ಗೇರಿಲ್ಲದೆ ಆಲ್ಪ್ಸು, ಪಿರನೀಸು ಹತ್ತಿದ್ರು. ಅವರು ಇಳಿದ್ರಾ?'

ಸುತ್ತ ನಿಂತವರು ನಕ್ಕರು. ನಾನೂ ಪೆದ್ದನ ಹಾಗೆ ನಕ್ಕು ಬಂದೆ. ಅವತ್ತು ಬಾಯಿಗೆ ಬಾರದ ಉತ್ತರವನ್ನು ಇವತ್ತು ಬರೀತಿದೀನಿ.

ಹಿಂದಿನ ಕಾಲ ಅಂದಿರಲ್ಲ ಸ್ವಾಮಿ, ಅದನ್ನೇ ನೋಡೋಣ.

ಟೂರ್ ದ ಫ್ರಾನ್ಸ್ ಅನ್ನೋ ಸೈಕಲ್ ಪಂದ್ಯವನ್ನು 1903ರಲ್ಲಿ ಶುರು ಮಾಡಿದ್ದು ಒಂದು ಪತ್ರಿಕೆ, ತನ್ನ ಮಾರಾಟ ಹೆಚ್ಚಲಿ ಅಂತ. ಅದರ ಸಂಪಾದಕ ಆನ್ರಿ ದೆಗ್ರಾಂಜ್. 1910ರಲ್ಲಿ ಇವರು ಸವಾರರನ್ನು ಪಿರನೀಸ್ ಪರ್ವತಗಳಿಗೆ ಹತ್ತಿಸಿದರು. ಆ ಜುಲೈ 21ರಂದು ಒಂದೇ ದಿನಕ್ಕೆ 326 ಕಿ.ಮೀ. ದಾರಿ, ದಾರಿಯಲ್ಲಿ 2,115 ಮೀಟರ್ ಎತ್ತರದ ತೂರ್ಮಾಲೆ ಕಣಿವೆ, ಆಮೇಲೆ ಓಬಿಸ್ಕ್ ಅನ್ನೋ ಇನ್ನೊಂದು. ಒಕ್ತಾವ್ ಲಾಪಿಜ್ ಅನ್ನೋ ಸವಾರ ತೂರ್ಮಾಲೆಯಲ್ಲಿ ಸೈಕಲ್ಲಿನಿಂದ ಇಳಿದು, ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಹೋಗ್ತಿರೋ ಚಿತ್ರ ಇವತ್ತಿಗೂ ಇದೆ. ಓಬಿಸ್ಕ್ ಏರುವಾಗ ಅವನು ಪಂದ್ಯ ನಡೆಸುವವರ ಕಡೆ ತಿರುಗಿ 'ಕೊಲೆಗಡುಕರು' ಅಂತ ಕೂಗಿದ. ಅವತ್ತಿನ ದಾರಿ ಗೆದ್ದವನು ಅವನೇ. ಆ ವರ್ಷದ ಇಡೀ ಪಂದ್ಯ ಗೆದ್ದವನೂ ಅವನೇ. ತೂರ್ಮಾಲೆಯನ್ನು ಇಳಿಯದೆ ದಾಟಿದ ಗುಸ್ತಾವ್ ಗಾರಿಗೂಗೆ 100 ಫ್ರಾಂಕ್ ಇನಾಮು ಸಿಕ್ಕಿತು. ಕೊಡಲಿ, ಭೇಷ್ ಅನ್ನೋಣ. ಆದರೆ ಇಳಿದವನ ಹೆಸರನ್ನು ಅವರು ಹೊಡೆದು ಹಾಕಲಿಲ್ಲ. ಹೊಡೆದಿದ್ದರೆ ಆ ವರ್ಷ ಗೆದ್ದವನೇ ಇರುತ್ತಿರಲಿಲ್ಲ.

ಆಗ ಇಳಿಯೋದು ಅವಮಾನ ಆಗಿರಲೇ ಇಲ್ಲ. ಅನೇಕರ ಹಿಂಚಕ್ರದ ಎರಡು ಕಡೆ ಎರಡು ಅಳತೆಯ ಹಲ್ಲುಚಕ್ರ ಇರುತ್ತಿದ್ದವು. ಏರು ಬಂದರೆ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿ ಮತ್ತೆ ಹತ್ತಬೇಕು. ಕೂತಲ್ಲೇ ಸರಪಳಿ ಬದಲಾಯಿಸೋ ಗೇರು ಇರಲಿಲ್ಲವೇ ಅಂದರೆ, ಇತ್ತು. ಸೇಂಟ್ ಎತಿಯೆನ್ ಊರಿನ ಪೌಲ್ ದ ವಿವೀ ಅನ್ನೋ ಮನುಷ್ಯ ಬೆಟ್ಟದ ದಾರಿಗೆ ಗೇರು ಬೇಕು ಅಂತ ಬರೆದ, ತಾನೇ ತುಳಿದು ತೋರಿಸಿದ. ದೆಗ್ರಾಂಜ್ ಒಪ್ಪಲಿಲ್ಲ. ಗೇರು ವಯಸ್ಸಾದವರಿಗೆ, ಗಂಡಸಿಗೆ ಸ್ನಾಯು ಸಾಕು ಅನ್ನೋ ಅರ್ಥದಲ್ಲಿ 1902ರಲ್ಲೇ ಬರೆದ. ಅವನು 1936ರಲ್ಲಿ ಪಂದ್ಯದ ಯಜಮಾನಿಕೆ ಬಿಟ್ಟ ಮೇಲೆ, 1937ರಲ್ಲಿ ಗೇರು ಒಳಗೆ ಬಂತು. ಅಲ್ಲಿಯ ತನಕ ಯಾರ ಮಂಡಿ ಸವೆದದ್ದು? ಸಂಪಾದಕರದ್ದಂತೂ ಅಲ್ಲ.

ಇನ್ನೊಂದು ಕೇಳಿ. 1913ರಲ್ಲಿ ಯೂಜೀನ್ ಕ್ರಿಸ್ತೋಫ್ ತೂರ್ಮಾಲೆ ಇಳಿಯುವಾಗ ಮುಂದಿನ ಫೋರ್ಕು ಮುರೀತು. ಬೇರೆಯವರ ಸಹಾಯ ತಗೊಳ್ಳಬಾರದು ಅಂತ ನಿಯಮ. ಸೈಕಲ್ ಹೆಗಲಿಗೇರಿಸಿಕೊಂಡು ಹತ್ತಕ್ಕೂ ಹೆಚ್ಚು ಕಿ.ಮೀ. ನಡೆದು ಒಂದು ಹಳ್ಳಿಯ ಕುಲುಮೆ ಸೇರಿದ. ತಾನೇ ಕಬ್ಬಿಣ ಕಾಯಿಸಿದ, ತಾನೇ ಬಡಿದ. ಪಂದ್ಯದ ಅಧಿಕಾರಿಗಳು ನಿಂತು ನೋಡುತ್ತಿದ್ದರು. ಎರಡು ಕೈಯೂ ಕೆಲಸದಲ್ಲಿದ್ದಾಗ ಒಬ್ಬ ಹುಡುಗ ತಿದಿ ಒತ್ತಿದ. ಅಷ್ಟಕ್ಕೆ ದಂಡ ಹಾಕಿದರು! ಆದರೂ ನೋಡಿ, ಹೊತ್ತು ನಡೆದದ್ದಕ್ಕೆ ದಂಡ ಹಾಕಲಿಲ್ಲ. ಅಂಥ ಕಟುಕ ನಿಯಮದವರಿಗೂ ಹೊಳೆಯದ ನಿಯಮ ನಮ್ಮ ಜೀಪಿನ ಯಜಮಾನರಿಗೆ ಹೊಳೀತು.

'ತುಳೀಬೇಕು ಅನ್ನೋದು ಎಲ್ಲರಿಗೂ ಒಂದೇ ತಾನೇ, ಅದೇ ಸಮಾನತೆ' ಅಂತ ಅವರ ಕಡೆಯವರು ಹೇಳಬಹುದು. ಸರಿ, ಲೆಕ್ಕ ಹಾಕೋಣ. ಸವಾರನ ತೂಕ, ಸೈಕಲ್ಲಿನ ತೂಕ, ಬೆಟ್ಟದ ಎತ್ತರ: ಇವು ಮೂರೂ ಸೇರಿದರೆ ಏರಿಸಬೇಕಾದ ಹೊರೆ. ಗೇರು ಆ ಹೊರೆಯನ್ನು ಕಮ್ಮಿ ಮಾಡಲ್ಲ. ಒಂದು ಮೂಟೆಯನ್ನು ನಾಲ್ಕು ಬುಟ್ಟಿ ಮಾಡಿ ಹೊರಿಸುತ್ತೆ, ಅಷ್ಟೇ. ಗೇರಿದ್ದವನು ಮೋಸ ಮಾಡಲಿಲ್ಲ, ಅವನೂ ಬೆವರು ಸುರಿಸಿದ. ಅಂಥ ಒಬ್ಬ ಗೆಳೆಯನೇ ನನಗೆ ನೀರು ಕೊಟ್ಟದ್ದು. ಆದರೆ ಅವನ ಸೈಕಲ್ಲು ಎಂಟೊಂಬತ್ತು ಕೆ.ಜಿ., ನನ್ನದು ಇಪ್ಪತ್ತು. ಅಂದರೆ ಹನ್ನೊಂದು ಕೆ.ಜಿ. ಅಕ್ಕಿಯಷ್ಟು ತೂಕವನ್ನು ನಾನು ಹೆಚ್ಚಿಗೆ ಬೆಟ್ಟದ ಮೇಲಕ್ಕೆ ತಂದೆ. ಹೆಚ್ಚು ಹೊತ್ತವನ ಕೆಲಸ ಲೆಕ್ಕಕ್ಕಿಲ್ಲ! ಈ ಲೆಕ್ಕ ನಮಗೆ ಹೊಸದಲ್ಲ ಬಿಡಿ.

ಇಳಿಯೋ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ನಮ್ಮ ತಾತ ಸೈಕಲ್ ಕಲಿತ ಕಾಲಕ್ಕೆ ಊರೊಳಗಿನ ಬೀದಿ ಬಂದರೆ ಇಳೀಬೇಕಿತ್ತು. ಚಪ್ಪಲಿ ಕೈಗೆ, ಸೈಕಲ್ ಪಕ್ಕಕ್ಕೆ, ತಲೆ ಕೆಳಕ್ಕೆ. ಆ ಬೀದಿ ಚಪ್ಪಟೆ ಬೀದಿ, ಮಗು ಕೂಡ ತುಳಿದು ದಾಟಬಹುದು. ಅಲ್ಲಿ 'ಇಳಿಯೋ' ಅಂದವರು ಒಬ್ಬರು. ಮೂರು ತಲೆಮಾರು ದಾಟಿ ನಾನು ನನ್ನಿಷ್ಟಕ್ಕೆ, ನನ್ನ ಮಂಡಿಯ ಮಾತು ಕೇಳಿ, ಬೆಟ್ಟದಲ್ಲಿ ಇಳಿದರೆ 'ಯಾಕಿಳಿದೆ' ಅನ್ನೋರು ಇನ್ನೊಬ್ಬರು. ನಾವು ಯಾವಾಗ ಹತ್ತಬೇಕು, ಯಾವಾಗ ಇಳೀಬೇಕು ಅಂತ ಹೇಳೋ ಹಕ್ಕು ಮಾತ್ರ ಯಾವತ್ತೂ ಪೆಡಲ್ ಮೇಲೆ ಕಾಲಿಡದವರ ಕೈಯಲ್ಲೇ ಇರಬೇಕಾ?

ಬೇರೆ ದಾರಿ ಇಲ್ಲವೇ? ಇದೆ. ಬ್ರೆವೆ ಅಂತ ದೂರದ ಸವಾರಿಗಳಿವೆ, ಬೆಂಗಳೂರಿನವರೂ ಮಾಡ್ತಾರೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಬರುವ 1,200 ಕಿ.ಮೀ.ಗೆ ಹೆಚ್ಚೆಂದರೆ 90 ಗಂಟೆ. ಅಲ್ಲಿ ಮೊದಲನೆಯವನು, ಕೊನೆಯವನು ಅಂತ ಬಹುಮಾನ ಇಲ್ಲ. ಕೇಳೋದು ಎರಡೇ ಮಾತು: ಹೇಳಿದ ಜಾಗಗಳಲ್ಲಿ ಹಾಜರಿ ಹಾಕಿಸಿದೆಯಾ? ಹೊತ್ತಿನೊಳಗೆ ಮುಗಿಸಿದೆಯಾ? ನಡುವೆ ಇಳಿದೆಯೋ, ತಳ್ಳಿದೆಯೋ, ಮರದಡಿ ಮಲಗಿದೆಯೋ, ಅದು ನಿನ್ನ ಮತ್ತು ದಾರಿಯ ನಡುವಿನ ಮಾತು.

ಆದ್ದರಿಂದ ಬೆಟ್ಟದ ಸವಾರಿ ನಡೆಸುವ ಸ್ವಾಮಿಗಳೆ, ನಿಮ್ಮ ಪ್ರಶಸ್ತಿಪತ್ರ ನೀವೇ ಇಟ್ಟುಕೊಳ್ಳಿ, ಪುಸ್ತಕ ಮಾತ್ರ ತಿದ್ದಿ. ನಿಯಮ ಇದ್ದರೆ ಹೊರಡೋಕೆ ಮುಂಚೆ ಹೇಳಿ, ಮುಟ್ಟಿದ ಮೇಲೆ ಹುಟ್ಟಿಸಬೇಡಿ. ಹೊತ್ತಿಗೆ ಬಂದ ಪ್ರತಿಯೊಬ್ಬರ ಹೆಸರನ್ನೂ ಬರೀರಿ. ಬರೆಯೋರು ಒಂದು ಸಲವಾದರೂ ಜೀಪು ಬಿಟ್ಟು ಕೈಮರದಿಂದ ತುಳಿದು ಬನ್ನಿ.

ಗೆಳೆಯರೆ, ಹಳೇ ಸೈಕಲ್ಲು ಇದ್ದವರು ಬೆಟ್ಟ ನಮ್ಮದಲ್ಲ ಅಂತ ಕೂರಬೇಡಿ. ಚೈನಿಗೆ ಎಣ್ಣೆ ಬಿಡಿ, ಬ್ರೇಕು ಎರಡು ಸಲ ನೋಡಿ. ಹತ್ತೋದಕ್ಕಿಂತ ಇಳಿಜಾರು ಅಪಾಯ. ತುಳಿಯೋಕಾದಷ್ಟು ತುಳೀರಿ. ಆಗದಿದ್ದಾಗ ಇಳೀರಿ, ತಲೆ ಎತ್ತಿಕೊಂಡು ತಳ್ಳಿ. ಮುಂದಿನ ಚಳಿಗಾಲಕ್ಕೆ ನಾನು ಅದೇ ಸೈಕಲ್ಲಿನಲ್ಲಿ ಮತ್ತೆ ಹೋಗ್ತೀನಿ. ಅದೇ ತಿರುವಿನಲ್ಲಿ ಮತ್ತೆ ಇಳೀತೀನಿ. ನಗೋರು ನಗಲಿ. ಬರೋರು ಬನ್ನಿ.