ತಲೆ ಸುತ್ತುತ್ತದೆ ಎಂದವರಿಗೆ ಕೇಳಬೇಕಾದ ಪ್ರಶ್ನೆ

ಒಗ್ಗರಣೆಗೆ ಎಣ್ಣೆ ಕಾಯಿಸಿ ನಿಂತ ಹೆಂಗಸಿಗೆ ಇದ್ದಕ್ಕಿದ್ದಂತೆ ಒಲೆ, ಗೋಡೆ, ಕಿಟಕಿ ಎಲ್ಲ ಗಿರ್ರನೆ ತಿರುಗಿದಂತಾಗುತ್ತದೆ. ಕಟ್ಟೆ ಹಿಡಿದು ನಿಂತರೂ ನೆಲ ಓಲಾಡುತ್ತದೆ, ಹೊಟ್ಟೆ ತೊಳಸುತ್ತದೆ, ಟ್ಯೂಬ್‌ಲೈಟಿನ ಬೆಳಕೂ ಸಹಿಸಲಾಗದು. ಮನೆಯವರು ‘ಪಿತ್ತ ಕೆರಳಿದೆ’ ಎಂದು ನಿಂಬೆ ಪಾನಕ ಕೊಡುತ್ತಾರೆ. ಕ್ಲಿನಿಕ್‌ನಲ್ಲಿ ಬಿಪಿ ನೋಡುತ್ತಾರೆ, ಕುತ್ತಿಗೆಯ ಎಕ್ಸ್‌ರೇ ತೆಗೆಸಿ ‘ಸ್ಪಾಂಡಿಲೈಟಿಸ್‌’ ಎನ್ನುತ್ತಾರೆ, ತಲೆಸುತ್ತಿನ ಮಾತ್ರೆ ಬರೆದು ಕಳಿಸುತ್ತಾರೆ. ಕೆಲವು ವಾರ ಕಳೆದ ಮೇಲೆ ಮತ್ತೆ ಅದೇ ಪಾಡು. ಇಷ್ಟೆಲ್ಲ ಓಡಾಟದಲ್ಲಿ ಒಂದು ಪ್ರಶ್ನೆ ಮಾತ್ರ ಎಷ್ಟೋ ಸಲ ಉಳಿದುಬಿಡುತ್ತದೆ: ‘ನಿಮಗೆ ಮೈಗ್ರೇನ್‌ ಇದೆಯೇ? ಮೊದಲೆಂದಾದರೂ ಇತ್ತೇ?’

ಈ ಪ್ರಶ್ನೆ ಕೇಳಲೇಬೇಕು. ಮೈಗ್ರೇನ್‌ ಎಂದರೆ ಅರೆತಲೆನೋವು ಮಾತ್ರವಲ್ಲ; ಅದು ಇಡೀ ಮಿದುಳಿಗೆ ಸಂಬಂಧಿಸಿದ ತೊಂದರೆ, ನೋವು ಅದರ ಒಂದು ಲಕ್ಷಣ. ದೇಹದ ಸಮತೋಲದ ಸುದ್ದಿ ಒಳಕಿವಿಯಿಂದ ಹೊರಟು ಮಿದುಳಿನ ಕಾಂಡಕ್ಕೆ ತಲುಪುತ್ತದೆ. ಮುಖ ಮತ್ತು ತಲೆಯ ನೋವನ್ನು ಒಯ್ಯುವ ನರದ ಕೇಂದ್ರಗಳೂ ಅಲ್ಲೇ ಹತ್ತಿರದಲ್ಲಿವೆ, ಎರಡರ ನಡುವೆ ಪರಸ್ಪರ ಸಂಪರ್ಕವೂ ಇದೆ. ಒಂದು ಕೆರಳಿದಾಗ ಇನ್ನೊಂದೂ ಕೆರಳಲು ಇದೇ ಕಾರಣವಿರಬೇಕು ಎಂಬುದು ತಜ್ಞರ ವಿವರಣೆ. ಮೈಗ್ರೇನ್‌ ಇರುವವರಿಗೆ ಚಾರ್ಮಾಡಿ, ಆಗುಂಬೆಯಂಥ ಘಾಟಿಯ ತಿರುವುಗಳಲ್ಲಿ ಬೇರೆಯವರಿಗಿಂತ ಬೇಗ ವಾಂತಿ ಬರುವುದರಲ್ಲೂ ಈ ನಂಟು ಕಾಣುತ್ತದೆ.

ಈ ನಂಟು ಹೊಸ ಶೋಧವಲ್ಲ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್‌ ಲಿವಿಂಗ್‌ 1873ರಲ್ಲಿ ಪ್ರಕಟಿಸಿದ ಮೈಗ್ರೇನ್‌ ಗ್ರಂಥದಲ್ಲೇ ಇದನ್ನು ಗುರುತಿಸಿದ್ದರು. ಆದರೆ ಮೈಗ್ರೇನ್‌ನಿಂದ ಬರುವ ತಲೆಸುತ್ತಿನ ‘ವೆಸ್ಟಿಬ್ಯುಲರ್‌ ಮೈಗ್ರೇನ್‌’ ಎಂಬ ಹೆಸರಿಗೆ ಅಂತರರಾಷ್ಟ್ರೀಯ ತಜ್ಞರೆಲ್ಲ ಒಪ್ಪಿದ ಮಾನದಂಡ ಸಿಕ್ಕಿದ್ದು 2012ರಲ್ಲಿ. ಅದರ ಪ್ರಕಾರ ಐದು ನಿಮಿಷದಿಂದ 72 ಗಂಟೆಯವರೆಗೆ ಇರುವ ತಲೆಸುತ್ತು ಕನಿಷ್ಠ ಐದು ಸಲ ಬಂದಿರಬೇಕು. ಈಗ ಅಥವಾ ಹಿಂದೆ ಮೈಗ್ರೇನ್‌ ಇರಬೇಕು. ಕನಿಷ್ಠ ಅರ್ಧದಷ್ಟು ಸಲವಾದರೂ ತಲೆಸುತ್ತಿನ ಜೊತೆಗೆ ತಲೆನೋವು, ಬೆಳಕು ಮತ್ತು ಸದ್ದು ಸಹಿಸದಿರುವುದು ಅಥವಾ ಕಣ್ಣೆದುರು ಮಿಂಚುಗೆರೆ ಕಾಣುವುದು, ಇವುಗಳಲ್ಲಿ ಒಂದಾದರೂ ಇರಬೇಕು. ಬೇರೆ ಕಾಯಿಲೆಯಿಂದ ಬಂದದ್ದಲ್ಲ ಎಂಬುದೂ ಖಚಿತವಾಗಬೇಕು.

ಗಮನಿಸಿ: ಪ್ರತಿ ಸಲವೂ ತಲೆ ನೋಯಲೇಬೇಕೆಂದಿಲ್ಲ. ರೋಗಪತ್ತೆ ಎಡವುವುದು ಇಲ್ಲೇ. ಹರೆಯದಲ್ಲಿ ಕಾಡಿದ ತಲೆನೋವು ಮರೆತೇಹೋಗಿ, ಎಷ್ಟೋ ವರ್ಷಗಳ ನಂತರ, ಕೆಲವು ಹೆಂಗಸರಿಗೆ ಮುಟ್ಟು ನಿಲ್ಲುವ ಹೊತ್ತಿಗೆ, ತಲೆಸುತ್ತು ಶುರುವಾಗುತ್ತದೆ. ಎರಡಕ್ಕೂ ಸಂಬಂಧವಿದೆ ಎಂದು ರೋಗಿಗೆ ಹೊಳೆಯುವುದಿಲ್ಲ. ಸ್ಕ್ಯಾನಿಂಗ್‌ನಲ್ಲೂ ರಕ್ತಪರೀಕ್ಷೆಯಲ್ಲೂ ಇದು ಕಾಣುವುದಿಲ್ಲ. ಜರ್ಮನಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಜನಸಂಖ್ಯೆಯ ಸುಮಾರು ಶೇ 1ರಷ್ಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಈ ತೊಂದರೆ ಬಂದಿದೆ ಎಂದು ಹೇಳಿತು. ಅವರಲ್ಲಿ ವೈದ್ಯರ ಬಳಿ ಹೋದವರ ಪೈಕಿ ಕಾಯಿಲೆಯ ಸರಿಯಾದ ಹೆಸರು ತಿಳಿದುಬಂದದ್ದು ಐವರಲ್ಲಿ ಒಬ್ಬರಿಗೆ ಮಾತ್ರ.

ಗಾಯಕಿ ಜಾನೆಟ್‌ ಜಾಕ್ಸನ್‌ 2008ರಲ್ಲಿ ಇದೇ ಕಾಯಿಲೆಯಿಂದ ತಮ್ಮ ಪ್ರವಾಸದ ಹಲವು ಕಾರ್ಯಕ್ರಮಗಳನ್ನು ಕೈಬಿಡಬೇಕಾಯಿತು. ಅವರಂಥವರಿಗೆ ತಜ್ಞರು ಬೇಗ ಸಿಗುತ್ತಾರೆ. ತಾಲ್ಲೂಕು ಕೇಂದ್ರದ ಹೆಂಗಸಿಗೆ ಸಿಗುವುದಿಲ್ಲ.

ಕರ್ನಾಟಕದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ನಿಮ್ಹಾನ್ಸ್‌ ತಜ್ಞರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಮಂದಿಯನ್ನು ಮಾತನಾಡಿಸಿ ನಡೆಸಿದ ಅಧ್ಯಯನದಲ್ಲಿ, ಒಂದು ವರ್ಷದ ಅವಧಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್‌ ಕಾಡಿತ್ತು. ಇಷ್ಟು ಮಂದಿಗೆ ಮೈಗ್ರೇನ್‌ ಇರುವ ಊರಲ್ಲಿ ತಲೆಸುತ್ತಿನ ರೋಗಿಯನ್ನು ತಲೆನೋವಿನ ಬಗ್ಗೆ ಕೇಳದೆ ಕಳಿಸುವುದು ಸರಿಯಲ್ಲ.

ಹಾಗೆಂದು ಎಲ್ಲ ತಲೆಸುತ್ತನ್ನೂ ಮೈಗ್ರೇನ್‌ ಎನ್ನುವುದೂ ತಪ್ಪು. ಮಗ್ಗುಲು ಬದಲಿಸಿದಾಗ ಒಂದು ನಿಮಿಷದೊಳಗೆ ಬಂದು ಹೋಗುವ ಸುತ್ತು ಸಾಮಾನ್ಯವಾಗಿ ಒಳಕಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿದ್ದರಿಂದ ಬರುತ್ತದೆ. ವೈದ್ಯರು ರೋಗಿಯ ತಲೆಯನ್ನು 45 ಡಿಗ್ರಿ ತಿರುಗಿಸಿ, ಥಟ್ಟನೆ ಅಂಗಾತ ಮಲಗಿಸಿ, ಕಣ್ಣುಗುಡ್ಡೆಯ ಅದಿರಾಟ ನೋಡಿ ಅದನ್ನು ಪತ್ತೆ ಮಾಡುತ್ತಾರೆ. ಎಪ್ಲಿ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಕಳಿಸುತ್ತಾರೆ. ಮಾತ್ರೆ ಬೇಕಾಗುವುದೇ ಕಡಿಮೆ. ಇನ್ನು ತಲೆಸುತ್ತಿನೊಂದಿಗೆ ಮಾತು ತೊದಲಿದರೆ, ವಸ್ತುಗಳು ಎರಡೆರಡಾಗಿ ಕಂಡರೆ, ಕೈಕಾಲು ಸೋತರೆ, ಆಸರೆಯಿಲ್ಲದೆ ನಿಲ್ಲಲೂ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ ದೊಡ್ಡಾಸ್ಪತ್ರೆಗೆ ಧಾವಿಸಬೇಕು.

ಕಾರಣ ತಿಳಿಯದೆ ತಿಂಗಳುಗಟ್ಟಲೆ ಮಾತ್ರೆ ನುಂಗುವುದರಿಂದ ಅಪಾಯವೂ ಇದೆ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್‌, ಪ್ರೋಕ್ಲೋರ್‌ಪೆರಜಿನ್‌ ದೀರ್ಘಕಾಲ ಸೇವಿಸಿದರೆ, ಮುಖ್ಯವಾಗಿ ವಯಸ್ಸಾದವರಲ್ಲಿ, ಪಾರ್ಕಿನ್ಸನ್‌ ರೋಗದಂಥ ನಡುಕ ಮತ್ತು ಬಿಗಿತ ಬರಬಹುದು. ಪದೇಪದೇ ನುಂಗುವ ನೋವಿನ ಮಾತ್ರೆಗಳಿಂದಲೇ ತಲೆನೋವು ಹೆಚ್ಚುವುದೂ ಉಂಟು. ವೆಸ್ಟಿಬ್ಯುಲರ್‌ ಮೈಗ್ರೇನ್‌ ಎಂದು ಖಚಿತವಾದರೆ ಚಿಕಿತ್ಸೆಯ ದಾರಿಯೇ ಬೇರೆ: ಹೊತ್ತಿಗೆ ಸರಿಯಾಗಿ ನಿದ್ದೆ ಮತ್ತು ಊಟ, ಸಮತೋಲದ ವ್ಯಾಯಾಮ, ಅಗತ್ಯವಿದ್ದರೆ ಮೈಗ್ರೇನ್‌ ತಡೆಯುವ ಔಷಧ.

ವೈದ್ಯರಿಗೆ ಇಷ್ಟೇ ಮನವಿ: ತಲೆಸುತ್ತು ಎಂದವರಿಗೆ ತಲೆನೋವಿನ ಬಗ್ಗೆ, ತಲೆನೋವು ಎಂದವರಿಗೆ ತಲೆಸುತ್ತಿನ ಬಗ್ಗೆ ತಪ್ಪದೆ ಕೇಳಿ. ರೋಗಿಗಳೂ ಒಂದು ನೋಟ್‌ಬುಕ್‌ ಇಟ್ಟುಕೊಳ್ಳಲಿ. ಸುತ್ತು ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಬೆಳಕು ಮತ್ತು ಸದ್ದು ಕಷ್ಟವಾಯಿತೇ, ಹಿಂದಿನ ರಾತ್ರಿ ನಿದ್ದೆ ಕೆಟ್ಟಿತ್ತೇ, ಊಟ ತಪ್ಪಿತ್ತೇ, ಮುಟ್ಟಿನ ದಿನಗಳೇ ಎಂದು ಬರೆದು ವೈದ್ಯರ ಮುಂದಿಡಲಿ. ರೋಗಪತ್ತೆಗೆ ಕುತ್ತಿಗೆಯ ಎಕ್ಸ್‌ರೇಗಿಂತ ಆ ಪುಟಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.